ಕಾಲುಂಗುರದ ಸ್ವಿಚ್ಚು

ಪಟ್.

ಮಾತು ಬರುವುದಕ್ಕೆ ಮುಂಚೆ ಆ ಸ್ಪೀಕರಿನಿಂದ ಯಾವಾಗಲೂ ಆ ಸದ್ದು ಬರುತ್ತಿತ್ತು. ಕಾದ ಎಣ್ಣೆಯಲ್ಲಿ ಒಂದೇ ಒಂದು ಸಾಸಿವೆ ಕಾಳು ಸಿಡಿದ ಹಾಗೆ. ಆಮೇಲೆ ನನ್ನ ನಾದಿನಿಯ ದನಿ. ಆ ಪಟ್ ತೆಗೆಯಲು ನಾನು ಮಾಡದ ಕಸರತ್ತಿಲ್ಲ. ಕೆಪಾಸಿಟರ್ ಹಾಕಿದೆ, ಇನ್ನೂ ದೊಡ್ಡ ಕೆಪಾಸಿಟರ್ ಹಾಕಿದೆ, ಗ್ರೌಂಡ್ ವೈರುಗಳನ್ನೆಲ್ಲ ಬಿಚ್ಚಿ ಒಂದೇ ಕಡೆ ಸೇರಿಸಿದೆ, ಪ್ರೋಗ್ರಾಮಿನಲ್ಲಿ ವಾಲ್ಯೂಮನ್ನು ಸೊನ್ನೆಗೆ ಇಳಿಸಿ ಮೆಲ್ಲಗೆ ಏರಿಸಿ ನೋಡಿದೆ. ಹೋಗಲಿಲ್ಲ. ಬರಬರುತ್ತ ಅದು ಅವಳು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಸದ್ದು ಎಂದೇ ಮನೆಯವರಿಗೆಲ್ಲ ಅಭ್ಯಾಸವಾಯಿತು. ನನಗೂ.

ನಾದಿನಿ ಎಂದರೆ ನನ್ನ ಗಂಡನ ತಂಗಿ. ತಮಿಳುನಾಡಿನ ಸೇಲಂ ಹತ್ತಿರದ ಎಡಪ್ಪಾಡಿಯಲ್ಲಿ ಕೈಮಗ್ಗದ ಮನೆಗೆ ಕೊಟ್ಟ ಹುಡುಗಿ. ಮದುವೆಯಾದಾಗಿನಿಂದ ಮಗ್ಗದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ಮಗ್ಗ ತುಳಿದವಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಆ ಬಾಯಿ ಮೊದಲು ತೊದಲಿತು. ಆಮೇಲೆ ಲಾಳಿ ಎಳೆಯುವ ಬಲಗೈ ಸೋತಿತು. ಸೇಲಂನ ನ್ಯೂರಾಲಜಿಸ್ಟ್ ಹೇಳಿದ ಮಾತನ್ನು ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನರಗಳು ಒಂದೊಂದಾಗಿ ಕೈಕಾಲಿಗೆ ಸುದ್ದಿ ಮುಟ್ಟಿಸುವುದನ್ನು ನಿಲ್ಲಿಸುತ್ತವೆ, ಬುದ್ಧಿ ಮಾತ್ರ ಕೊನೆಯವರೆಗೂ ಹಾಗೇ ಇರುತ್ತದೆ, ಮದ್ದಿಲ್ಲ. ಅವಳು ಅಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಬಸ್ಸಿಗೆ ಕಾಯುವಾಗ ತೊದಲಿಕೊಂಡೇ ಅಂದಳು:

"ಅತ್ತಿಗೆ, ಗಿಡಕ್ಕೆ ತಾನೇ ನೀರು ಬಿಡೋ ಮೆಷಿನ್ನು ಮಾಡ್ಕೊಂಡಿದ್ದೀರಲ್ಲ. ನಂಗೊಂದು ಬಾಯಿ ಮಾಡ್ಕೊಡಿ."

ನಾನು ಸೇಲಂನಲ್ಲಿ ಹೆಣ್ಣುಮಕ್ಕಳ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಇದ್ದವಳು. ಗಂಡ ತೀರಿಕೊಂಡ ಮೇಲೆ ಊಟದ ಮೇಜಿನ ಅರ್ಧವನ್ನು ಸೋಲ್ಡರಿಂಗ್ ಐರನ್ನಿಗೆ, ಅಂಗೈಗಿಂತ ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡುಗಳಿಗೆ ಬಿಟ್ಟುಕೊಟ್ಟಿದ್ದೆ. ಜಸ್ಟ್ ಎ ಹಾಬಿ. ತುಳಸಿ ಕುಂಡಕ್ಕೆ ನೀರು ಬಿಡುವ ಪಂಪು ಕೆಟ್ಟರೆ ತುಳಸಿ ಒಣಗುತ್ತದೆ, ಅಷ್ಟೇ. ಈಗ ಕೇಳಿದ್ದು ಬಾಯಿ. ಮಾತು ಪೂರ್ತಿ ನಿಂತ ದಿನ, ಬಾಯಾರಿಕೆಯೋ ಕೆರೆತವೋ ಕೋಪವೋ ಯಾವುದನ್ನೂ ಹೊರಗೆ ಹಾಕಲಾಗದೆ ಅವಳು ಒಳಗೇ ಉಳಿದುಬಿಡುತ್ತಾಳೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಸ್ಸು ಬಂತು. "ಮಾಡೋಣ" ಎಂದೆ.

ಮೊದಲು ದನಿ ಕೂಡಿಡಬೇಕು. ಅದು ತಡೆಯುವ ಕೆಲಸವಲ್ಲ. ಅವಳು ಓದಿದ್ದು ತಮಿಳು ಸ್ಕೂಲಿನಲ್ಲಿ, ಅದೂ ಸ್ವಲ್ಪ. ಆ ಮನೆಯಲ್ಲಿ ಕನ್ನಡ ಮಾತಾಡುವವರೇ ಎಲ್ಲ, ಓದುವವರು ಒಬ್ಬರೂ ಇಲ್ಲ. ಆದ್ದರಿಂದ ಅಕ್ಷರದ ಮೆಷಿನ್ನು ಬೇಡ, ಅವಳದೇ ದನಿಯ ಮೆಷಿನ್ನು ಬೇಕು ಎಂದು ತೀರ್ಮಾನಿಸಿದೆ. ಸುತ್ತಲಿನ ಮನೆಗಳಲ್ಲೆಲ್ಲ ಪವರ್‌ಲೂಮ್. ಆ ಲಟಲಟದಲ್ಲಿ ರೆಕಾರ್ಡ್ ಮಾಡುವುದು ಹೇಗೆ. ಅವಳ ಗಂಡ ಒಂದು ಉಪಾಯ ಹೇಳಿದರು. ಕರೆಂಟು ಹೋದಾಗ ಬೀದಿಯೇ ಸುಮ್ಮನಾಗುತ್ತದೆ, ಆಗ ಮಗ್ಗದ ಕೋಣೆಯಲ್ಲಿ ಕೂತರೆ ನೂಲಿನ ಕಂತೆಗಳು ಉಳಿದ ಸದ್ದನ್ನೂ ನುಂಗುತ್ತವೆ ಎಂದರು. ಅವರು ಮಾತಾಡುವುದೇ ಅಪರೂಪ. ಹಾಗೇ ಮಾಡಿದೆವು. ಕರೆಂಟು ಹೋಗುವುದನ್ನೇ ಕಾದು, ಫೋನನ್ನು ಅವಳ ಬಾಯಿ ಹತ್ತಿರ ಹಿಡಿದು, ಒಂದೊಂದೇ ಮಾತು.

"ನೀರು" ಎಂದಳು. "ಸೊಳ್ಳೆ" ಎಂದಳು. "ಮಗ್ಗುಲು ತಿರುಗ್ಸಿ." "ಕೆರೀತೈತೆ." "ಫ್ಯಾನ್ ಆಕಿ." "ಸಾಕು." ಆಮೇಲೆ ಗಂಡನ ಕಡೆ ನೋಡಿದಳು. ಅವರು ಮೂಲೆಯಲ್ಲಿ, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು.

"ಈ ವಯ್ಯನ್ ಕರೆಯಕ್ಕೂ ಒಂದು ಬೇಕಲ್ಲ, ಅತ್ತಿಗೆ. ಇದ್ರೂ ಗೊತ್ತಾಗಲ್ಲ, ಇಲ್ದಿದ್ರೂ ಗೊತ್ತಾಗಲ್ಲ." ಫೋನಿನ ಕಡೆ ತಿರುಗಿ, ಒಂದೇ ಉಸಿರಿಗೆ, "ಯಜಮಾನ್ರೇ, ಇದ್ದೀರಾ ಇಲ್ವಾ?"

"ಇದ್ದೀನಿ ಕಣೆ" ಎಂದರು ಅವರು ತಲೆ ಎತ್ತದೆ. ಅದೂ ರೆಕಾರ್ಡ್ ಆಯಿತು. ಆಮೇಲೆ ಕತ್ತರಿಸಿ ತೆಗೆದೆ.

ಕೊನೆಯದೊಂದು ಅವಳೇ ಕೇಳಿ ಹಾಕಿಸಿದ್ದು. "ನೋಡಕ್ ಅಂತ ಬರ್ತಾರೆ, ಬಂದು ನನ್ ಮುಂದೆ ಅಳ್ತಾ ಕೂತ್ಕೊಂತಾರೆ. ಅವ್ರಿಗೆ" ಎಂದು ದನಿ ಏರಿಸಿದಳು: "ಎಲ್ಲಾರೂ ಎದ್ದು ಆಚೆಗ್ ಓಗಿ." ಹೇಳಿ ನಕ್ಕಳು. ಆ ನಗುವಿನ ತುದಿಯೂ ಫೈಲಿನಲ್ಲಿ ಸ್ವಲ್ಪ ಉಳಿದಿದೆ. ಎಲ್ಲ ಸೇರಿ ಎಂಟು ಮಾತು. ಇನ್ನೂ ಹೇಳು ಎಂದೆ. "ಸಾಕು ಬಿಡಿ, ಮನ್ಸ ಇಷ್ಟ್ರಲ್ಲೇ ಬದುಕ್ತಾನೆ" ಎಂದಳು. ಆ ಸಲ ಹೋಗಿ ಬಂದ ಮೇಲೆ ಅವಳ ಮಾತು ಬೇಗ ಬೇಗ ಕೆಟ್ಟಿತು.

ಮೊದಲನೆಯ ಮೆಷಿನ್ನಿಗೆ ಎಂಟು ದೊಡ್ಡ ಗುಂಡಿಗಳು. ಮಕ್ಕಳ ವಿಡಿಯೋ ಗೇಮಿಗೆ ಬರುವಂಥವು, ಮೆತ್ತಗೆ ಒತ್ತಿದರೂ ಸಾಕು. ಪ್ರತಿ ಗುಂಡಿಯ ಮೇಲೆ ನಾನೇ ಒಂದು ಚಿತ್ರ ಬರೆದು ಅಂಟಿಸಿದೆ. ನೀರಿಗೆ ಚೊಂಬು, ಗಂಡನಿಗೆ ಕನ್ನಡಕ, 'ಆಚೆಗ್ ಓಗಿ'ಗೆ ಬಾಗಿಲು, ಹೀಗೆ. ಒಳಗೆ ಒಂದು ಮೈಕ್ರೋಕಂಟ್ರೋಲರ್, ಉಗುರಿನಷ್ಟು ಮೆಮೊರಿ ಕಾರ್ಡ್ ಹಾಕುವ ಪ್ಲೇಯರ್ ಮಾಡ್ಯೂಲು, ಒಂದು ಸ್ಪೀಕರ್. ಸೇಲಂನ ಮನೆಯಲ್ಲಿ ಚೊಂಬು ಒತ್ತಿದೆ. ಪಟ್. "ಎಲ್ಲಾರೂ ಎದ್ದು ಆಚೆಗ್ ಓಗಿ." ಬಾಗಿಲು ಒತ್ತಿದೆ, "ಸೊಳ್ಳೆ."

ಕಾನ್ವೆಂಟಿನಲ್ಲಿ ನಮಗೆ ಫಿಸಿಕ್ಸ್ ಹೇಳಿಕೊಟ್ಟ ಸಿಸ್ಟರ್ ಒಬ್ಬರಿದ್ದರು. ಎಕ್ಸ್‌ಪೆರಿಮೆಂಟ್ ಕೆಟ್ಟು ನಾವು ಗಾಬರಿಯಿಂದ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೊರಟರೆ ಬೆನ್ನ ಹಿಂದೆ ಬಂದು ನಿಂತು, "ಒನ್ ಥಿಂಗ್ ಅಟ್ ಎ ಟೈಮ್, ಚೈಲ್ಡ್" ಎನ್ನುತ್ತಿದ್ದರು. ಇಷ್ಟು ವಯಸ್ಸಾದರೂ ನಾನು ಹಾಗೇ. ವೈರು ಬದಲಾಯಿಸಿದೆ, ಗುಂಡಿ ಬದಲಾಯಿಸಿದೆ, ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ಕೊನೆಗೆ ತಿಳಿದದ್ದು, ಆ ಅಗ್ಗದ ಮಾಡ್ಯೂಲಿಗೆ ಫೈಲಿನ ಹೆಸರೇ ಲೆಕ್ಕಕ್ಕಿಲ್ಲ, ಕಾರ್ಡಿಗೆ ಯಾವುದನ್ನು ಮೊದಲು ಕಾಪಿ ಮಾಡಿದೆವೋ ಅದೇ ಅದಕ್ಕೆ ನಂಬರ್ ಒನ್. ಕಾರ್ಡನ್ನು ಫಾರ್ಮ್ಯಾಟ್ ಮಾಡಿ, ಎಂಟನ್ನೂ ವರಸೆಯಾಗಿ ಒಂದೊಂದೇ ಹಾಕಿದೆ. ಸರಿಹೋಯಿತು.

ತಾರಮಂಗಲದ ದಾರಿಯ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಮನೆಯಲ್ಲಿ ಸರಿಯಾಗಿದ್ದದ್ದು ಎಡಪ್ಪಾಡಿಯಲ್ಲಿ ಕೆಟ್ಟಿತು. ಕರೆಂಟು ಹೋಗಿ ಬಂದಾಗಲೆಲ್ಲ ಬೀದಿಯ ಪವರ್‌ಲೂಮುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ಆ ಏಟಿಗೆ ವೋಲ್ಟೇಜು ಕುಸಿದು ಮೈಕ್ರೋಕಂಟ್ರೋಲರ್ ರೀಸೆಟ್ ಆಗಿ ಸುಮ್ಮನೆ ಮಿಟುಕುತ್ತ ಕೂರುತ್ತಿತ್ತು. ಹಾಳಾಗಲಿ ಎಂದು ಕರೆಂಟು ಬಿಟ್ಟು ಪವರ್ ಬ್ಯಾಂಕಿಗೆ ಹಾಕಿದೆ. ತನ್ನಿಂದ ಎಳೆಯುವ ಕರೆಂಟು ತೀರ ಕಡಿಮೆಯಾದರೆ ಪವರ್ ಬ್ಯಾಂಕು ಯಾರೂ ಇಲ್ಲವೆಂದುಕೊಂಡು ತಾನೇ ಆಫ್ ಆಗುತ್ತದೆ. ಅದಕ್ಕೆ ಎಚ್ಚರವಿರಲಿ ಎಂದು, ಸುಮ್ಮನೆ ಕರೆಂಟು ಕುಡಿಯಲು ಒಂದು ಪುಟ್ಟ ಬಲ್ಬು ಸೇರಿಸಿದೆ. ಇದಕ್ಕೆಲ್ಲ ನಾನು ಸೇಲಂಗೂ ಎಡಪ್ಪಾಡಿಗೂ ಎಷ್ಟು ಸಲ ತಿರುಗಿದೆನೋ. ಕೊನೆಗೂ ಎಲ್ಲ ನಿಂತಿತು ಎಂದು ಗುಂಡಿಗಳ ಹಲಗೆಯನ್ನು ಅವಳ ತೊಡೆಯ ಮೇಲೆ ಇಟ್ಟೆ. ಅವಳು ಚೊಂಬಿನ ಚಿತ್ರವನ್ನೇ ನೋಡಿದಳು. ಬೆರಳು ಅಲ್ಲಿಯವರೆಗೆ ಹೋಗಲಿಲ್ಲ. ಆಗ ಮಾತು ಇನ್ನೂ ಒಂದಿಷ್ಟು ಉಳಿದಿತ್ತು. ಬಾಯೊಳಗೇ ಅಂದಳು, "ಬಸ್ಸು ಲೇಟು, ಅತ್ತಿಗೆ."

ಇಡೀ ಆ ಕಾಲವೇ ಹಾಗಿತ್ತು. ನಾನೊಂದು ಫಾಲ್ಟ್ ಮುಗಿಸುವ ಹೊತ್ತಿಗೆ ಅವಳ ಮೈ ಇನ್ನೊಂದು ಕಡೆ ಫೇಲ್ ಆಗಿರುತ್ತಿತ್ತು. ಸಿಸ್ಟರ್ ಹೇಳಿದಂತೆ ನಾನು ಒಂದೊಂದನ್ನೇ ಬದಲಾಯಿಸುತ್ತಿದ್ದೆ. ಮೈಗೆ ಆ ಪಾಠ ಯಾರೂ ಹೇಳಿರಲಿಲ್ಲ.

ಎರಡನೆಯದರಲ್ಲಿ ಗುಂಡಿಗಳನ್ನೆಲ್ಲ ತೆಗೆದು ಎಂಟು ಚಿತ್ರಗಳ ಕೆಳಗೆ ಎಂಟು ಕೆಂಪು ದೀಪ ಇಟ್ಟೆ. ದೀಪ ಒಂದರಿಂದ ಇನ್ನೊಂದಕ್ಕೆ ತಾನೇ ನಿಧಾನವಾಗಿ ಸರಿಯುತ್ತಾ ಹೋಗುತ್ತದೆ. ಬೇಕಾದ ಚಿತ್ರದ ಕೆಳಗೆ ಬಂದಾಗ ಒಂದೇ ಒಂದು ಸಲ ಮುಟ್ಟಿದರೆ ಸಾಕು. ಮುಟ್ಟಲು ಟಚ್ ಸೆನ್ಸರ್. ಅದು ತಯಾರಾಗುವ ಹೊತ್ತಿಗೆ ಮಾತು ಪೂರ್ತಿ ನಿಂತಿತ್ತು, ಎರಡು ಕೈಯೂ ಸೋತಿದ್ದವು. ಉಳಿದಿದ್ದು ಎಡಗಾಲಿನ ಬೆರಳುಗಳು. ಮಗ್ಗ ತುಳಿದ ಕಾಲು, ಅಷ್ಟು ಬೇಗ ಬಿಟ್ಟುಕೊಡಲಿಲ್ಲ ಎಂದುಕೊಂಡೆ. ಸೆನ್ಸರನ್ನು ಕಾಲಿನ ಪಕ್ಕಕ್ಕೆ ತಂದೆ.

ಆಗ ಮೆಷಿನ್ನಿಗೆ ಹುಚ್ಚು ಹಿಡಿಯಿತು. ಯಾರೂ ಮುಟ್ಟದೆ ತಾನೇ ತಾನಾಗಿ ಮಾತಾಡತೊಡಗಿತು. ಪಟ್, "ಸೊಳ್ಳೆ." ಅವಳ ಗಂಡ ಎದ್ದು ಬಂದು ಗಾಳಿಯಲ್ಲಿ ಚಪ್ಪಾಳೆ ಹೊಡೆದು ಹೋಗಿ ಕೂರುವುದು. ಪಟ್, "ಸೊಳ್ಳೆ." ಮತ್ತೆ ಬರುವುದು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಸಂಬಂಧಿಕರಿಗೆ, "ಎಲ್ಲಾರೂ ಎದ್ದು ಆಚೆಗ್ ಓಗಿ." ಅವಳ ಮಗನ ಹೆಂಡತಿ, ಮೇಟ್ಟೂರು ಕಡೆಯ ಹುಡುಗಿ, ನನ್ನನ್ನು ಸೇಲಂ ಅತ್ತೆ ಎನ್ನುತ್ತಾಳೆ. ಅವಳು ನಗು ತಡೆಯಲಾರದೆ, "ಸೇಲಂ ಅತ್ತೆ, ಇದು ನಮ್ಮತ್ತೆಗಿಂತ ಜಾಸ್ತಿ ವಾಯಾಡಿ" ಎಂದಳು. ವಾಯಾಡಿ ಎಂದರೆ ಬಾಯಿಬಡುಕಿ. ಹಾಸಿಗೆಯಲ್ಲಿದ್ದ ನಾದಿನಿಯ ಕಣ್ಣು ಮಾತ್ರ ನಗುತ್ತಿರಲಿಲ್ಲ. ಅವಳ ದನಿ ಅವಳನ್ನು ಕೇಳದೆ ಮಾತಾಡುತ್ತಿತ್ತು.

ಮಾಡ್ಯೂಲು ಬದಲಾಯಿಸಿದೆ. ವೈರು ಮೋಟು ಮಾಡಿದೆ. ಪವರ್‌ಲೂಮಿನ ಕಾಟವೋ ಎಂದು ಕರೆಂಟು ಹೋಗುವ ತನಕ ಕಾದು ನೋಡಿದೆ. ಕರೆಂಟಿಲ್ಲದಾಗಲೂ ಅದೇ ಹಾಡು. ಸೊಸೆ ಬೆಳಿಗ್ಗೆ ಕಾಲಿಗೆ ಅರಿಶಿನದ ನೀರು ಹಚ್ಚಿ ಒರೆಸಿದ ಮೇಲೆ ಇನ್ನೂ ಜಾಸ್ತಿ. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಟಚ್ ಸೆನ್ಸರ್ ನಿಜವಾಗಿ ನೋಡುವುದು ಮುಟ್ಟಿದ್ದನ್ನಲ್ಲ, ಹತ್ತಿರ ಬಂದ ಚಾರ್ಜನ್ನು. ಅವಳ ಬೆರಳಲ್ಲಿ ಎರಡು ಸುತ್ತಿನ ದಪ್ಪ ಬೆಳ್ಳಿ ಕಾಲುಂಗುರ. ಒದ್ದೆ ಚರ್ಮ, ಪಕ್ಕದಲ್ಲೇ ಬೆಳ್ಳಿ. ಅದಕ್ಕೆ ತಲೆ ಕೆಡದೆ ಇನ್ನೇನಾಗುತ್ತದೆ.

"ಎಡಗಾಲಿನದ್ದು ಒಂದನ್ನ ತೆಗೆದಿಡೋಣ" ಎಂದೆ.

ಸೊಸೆ ನೆಲ ನೋಡಿ, "ಮಾವ ಇರೋವಾಗ ಮೆಟ್ಟಿ ಎಂಗೆ ತೆಗೆಯೋದು, ಅತ್ತೆ" ಎಂದಳು. ಕಾಲುಂಗುರಕ್ಕೆ ಅಲ್ಲಿ ತಮಿಳಿನ ಮೆಟ್ಟಿ ಎಂಬ ಮಾತೇ. ಅವಳ ಗಂಡ ಮಾತ್ರ, "ನಂಗೇನಿಲ್ಲ, ಅವ್ಳ್ನೇ ಕೇಳಿ" ಎಂದರು. ಕಣ್ಣು ಮುಚ್ಚಿದರೆ ಹೌದು, ತೆರೆದೇ ಇದ್ದರೆ ಅಲ್ಲ ಎಂಬ ಒಪ್ಪಂದ ಆಗಲೇ ಆಗಿತ್ತು. ಕೇಳಿದೆ. ಅವಳು ಕಣ್ಣನ್ನು ಅಷ್ಟಗಲ ತೆರೆದು ನನ್ನನ್ನೇ ನೋಡಿದಳು. ರೆಪ್ಪೆ ಬಡಿಯದೆ.

ಐ ಗೇವ್ ಅಪ್. ನಿಜವಾಗಿ. ಮೆಷಿನ್ನನ್ನು ಬ್ಯಾಗಿಗೆ ತುಂಬಿ, ಮಧ್ಯಾಹ್ನದ ಬಸ್ಸಿಗೆಂದು ಎದ್ದೆ. ಸೊಸೆ ಅವಳನ್ನು ಮಗ್ಗುಲಿಗೆ ತಿರುಗಿಸುತ್ತಿದ್ದಳು. ಬೆರಳು ಮಡಿಸಿದಾಗ ಕಾಲುಂಗುರ ಸ್ಟೀಲ್ ಮಂಚದ ಕಂಬಿಗೆ ತಾಗಿತು. ಟಿಣ್. ಆ ಸದ್ದು ನನಗೆ ಗೊತ್ತಿದ್ದದ್ದೇ. ಅವಳಿಗೆ ಮದುವೆಯಾದ ಹೊಸದರಲ್ಲಿ ಆ ಮನೆಗೆ ಹೋದಾಗ, ಮಗ್ಗದ ಕೆಳಗಿನ ಹಲಗೆಗೆ ಅವಳ ಕಾಲುಂಗುರ ತಾಗಿ ಟೊಕ್ ಟೊಕ್ ಎನ್ನುತ್ತಿತ್ತು. ಮರಕ್ಕೆ ಟೊಕ್, ಸ್ಟೀಲಿಗೆ ಟಿಣ್. ಲೋಹಕ್ಕೆ ಲೋಹ ತಾಗಿದೆ. ನಾನು ತೆಗೆಸಬೇಕೆಂದಿದ್ದದ್ದೇ ನನಗೆ ಬೇಕಾದ ಸ್ವಿಚ್ಚು. ಬ್ಯಾಗನ್ನು ಕೆಳಗಿಟ್ಟೆ.

ಟಚ್ ಸೆನ್ಸರನ್ನು ಕಿತ್ತು ಹಾಕಿದೆ. ಕೂದಲಿನಷ್ಟು ತೆಳುವಾದ ಎಳೆಗಳ ಮೆತ್ತನೆಯ ವೈರನ್ನು ಕಾಲುಂಗುರದ ಎರಡು ಸುತ್ತಿನ ನಡುವೆ ತೂರಿಸಿ ಬಿಗಿದೆ. ಅದು ಗ್ರೌಂಡ್. ಒಂದು ಮರದ ತುಂಡಿಗೆ ತಾಮ್ರದ ಚೂರು ಅಂಟಿಸಿ ಬೆರಳಿನ ಮುಂದೆ ಕೂರಿಸಿದೆ. ಅದರಿಂದ ಇನ್ನೊಂದು ವೈರು ಮೈಕ್ರೋಕಂಟ್ರೋಲರಿಗೆ. ಬೆರಳು ಮಡಿಸಿದರೆ ಬೆಳ್ಳಿ ತಾಮ್ರಕ್ಕೆ ತಾಗುತ್ತದೆ, ಸರ್ಕ್ಯೂಟ್ ಮುಗಿಯುತ್ತದೆ. ಇಷ್ಟೇ. ಸ್ಕೂಲು ಮಕ್ಕಳ ಎಕ್ಸ್‌ಪೆರಿಮೆಂಟು. ಶಾಕ್ ಹೊಡೆದೀತು ಎಂದು ಅವಳ ಗಂಡನಿಗೆ ಭಯ. ಬ್ಯಾಟರಿಯದು, ಇರುವೆ ಕಚ್ಚಿದಷ್ಟೂ ಇಲ್ಲ ಎಂದೆ. ನಂಬಿಕೆ ಬರಲಿಲ್ಲ. ಮೊದಲು ತಮ್ಮ ಬೆರಳಿಟ್ಟು ನೋಡಿ, ಆಮೇಲೆ "ಊಂ" ಎಂದರು.

ಒಂದು ಸಲ ತಾಗಿಸಿದರೆ ಮೂರು ಸಲ ತಾಗಿದಂತೆ ಮೆಷಿನ್ನಿಗೆ ಅನಿಸುತ್ತಿತ್ತು, ಲೋಹ ಅದುರುತ್ತದಲ್ಲ. ತಾಗಿದ ಮೇಲೆ ಸ್ವಲ್ಪ ಹೊತ್ತು ಬೇರೇನನ್ನೂ ಕೇಳಿಸಿಕೊಳ್ಳಬೇಡ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ದೀಪ ಹೊರಟಿತು. ಚೊಂಬು ದಾಟಿತು, ಸೊಳ್ಳೆ ದಾಟಿತು. ಕನ್ನಡಕದ ಕೆಳಗೆ ಬಂದಾಗ ಬೆರಳು ಮಡಿಯಿತು.

ಪಟ್. "ಯಜಮಾನ್ರೇ, ಇದ್ದೀರಾ ಇಲ್ವಾ?"

ಅವರು ಪಕ್ಕದಲ್ಲೇ ನಿಂತಿದ್ದರು. "ಇದ್ದೀನಿ ಕಣೆ."

ಆ ಆಡಿ ತಿಂಗಳು, ಅಂದರೆ ಆಷಾಢ, ಚೆನ್ನಾಗಿತ್ತು. ಹೇಳಿಕೊಳ್ಳಲು ನನ್ನ ಹತ್ತಿರ ಇರುವುದು ಅದೊಂದೇ ತಿಂಗಳು. ಬೆಳ್ಳಿ ಕಪ್ಪಾದರೆ ಕಾಂಟ್ಯಾಕ್ಟ್ ಸಿಗುವುದಿಲ್ಲ. ಸೇಲಂನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಹುಡುಕುತ್ತೇನೆ ಎಂದೆ. ಬೇಡ ಎಂದರು ಅವರು. ಬೆಳ್ಳಿಗೆ ವಿಭೂತಿ, ತಾಮ್ರಕ್ಕೆ ಹುಣಸೆಹಣ್ಣು. ದಿನಾ ಸ್ನಾನ ಮಾಡಿ, ದೇವರಿಗಿಟ್ಟ ವಿಭೂತಿಯಲ್ಲೇ ಒಂದು ಚಿಟಿಕೆ ತಂದು ಹೆಂಡತಿಯ ಕಾಲ ಬುಡದಲ್ಲಿ ಕೂತು ಉಂಗುರ ಉಜ್ಜುತ್ತಿದ್ದರು. ಫೋನಿನಲ್ಲಿ ನನಗೆ ರಿಪೋರ್ಟು. "ಇವತ್ತು ಕಾಂಟಾಕ್ಟು ಫಸ್ಟ್ ಕ್ಲಾಸು." ಹಿಂದಿನಿಂದ ಪಟ್, "ಸಾಕು." "ನೋಡಿ, ಬೈತಾವ್ಳೆ" ಎನ್ನುವರು. ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿದ್ದಿಲ್ಲ. ಅವಳು ಹೊತ್ತಿಲ್ಲ ಗೊತ್ತಿಲ್ಲ, ಕೆಲಸವಿಲ್ಲದಿದ್ದರೂ ಕನ್ನಡಕದ ಚಿತ್ರವನ್ನೇ ಆರಿಸುತ್ತಿದ್ದಳಂತೆ. ಅವರು ಮಗ್ಗದ ಕೋಣೆಯಿಂದಲೇ "ಇದ್ದೀನಿ, ಇದ್ದೀನಿ" ಎನ್ನುತ್ತಿದ್ದರಂತೆ.

ಬೆರಳಿನ ಬಲ ಇಳಿಯುತ್ತಿತ್ತು. ಪ್ರತಿ ಸಲ ಹೋದಾಗಲೂ ತಾಮ್ರದ ತುಂಡನ್ನು ಬೆರಳಿಗೆ ಇನ್ನಷ್ಟು ಹತ್ತಿರ ಸರಿಸಿ, ದೀಪದ ಓಟವನ್ನು ಇನ್ನಷ್ಟು ನಿಧಾನ ಮಾಡಿ ಬರುತ್ತಿದ್ದೆ. ಮುಂದೆ ರೆಪ್ಪೆಯ ಅಲುಗಾಟವನ್ನು ಹಿಡಿಯುವ ಸೆನ್ಸರಿಗೆ ಹೋಗಬೇಕು ಎಂದು ಮೇಜಿನ ಮೇಲೆ ಒಂದು ಕನ್ನಡಕದ ಫ್ರೇಮನ್ನೂ ಬಿಚ್ಚಿ ಇಟ್ಟಿದ್ದೆ.

ಆಗ ಹೋದದ್ದು ಅವಳ ಗಂಡ. ಸಾವು ಮಲಗಿದ್ದವಳಿಗಲ್ಲ, ಓಡಾಡುತ್ತಿದ್ದವರಿಗೆ ಬಂತು. ಬೆಳಿಗ್ಗೆ ಟೀ ಕುಡಿದು ಮಗ್ಗದ ಕೋಣೆಗೆ ಹೋದವರು ನೂಲಿನ ಕಂತೆಗಳ ಮೇಲೆ ಒರಗಿದ್ದರು. ಹಾರ್ಟ್. ಸೊಸೆ ಮೊದಲು ಗೊತ್ತುಮಾಡಿಕೊಂಡದ್ದು ಹೇಗೆಂದರೆ, ಸ್ಪೀಕರು ಕೂಗುತ್ತಲೇ ಇತ್ತಂತೆ, ಒಳಗಿನಿಂದ ಉತ್ತರ ಬರಲಿಲ್ಲವಂತೆ.

ಕರ್ಮದ ದಿನ ನಾನೂ ಅಲ್ಲಿದ್ದೆ. ನನ್ನ ಗಂಡ ತೀರಿಕೊಂಡಾಗ ನನ್ನ ಕಾಲುಂಗುರವನ್ನು ನಾನೇ ಬಾತ್‌ರೂಮಿನಲ್ಲಿ ಸೋಪು ಹಚ್ಚಿ ತೆಗೆದಿದ್ದೆ. ಇನ್ನೊಬ್ಬರ ಕೈಗೆ ಬಿಟ್ಟಿರಲಿಲ್ಲ. ಟೌನಿನ ಮನೆ, ಕಾನ್ವೆಂಟಿನವಳು, ಯಾರೂ ಕೇಳಲಿಲ್ಲ. ಇಲ್ಲಿ ಅವಳನ್ನು ಗೋಡೆಗೆ ದಿಂಬು ಕೊಟ್ಟು ಒರಗಿಸಿ ಕೂರಿಸಿದ್ದರು, ಮೆಷಿನ್ನೂ ತಾಮ್ರದ ತುಂಡೂ ಕಾಲ ಬಳಿಯೇ ಇದ್ದವು. ಸುತ್ತ ಹೆಂಗಸರು. ಬಳೆ ಆಯಿತು, ಹೂವಾಯಿತು. ಅವಳ ಗಂಡನ ಅಕ್ಕ, ತುಂಬಾ ವಯಸ್ಸಾದವರು, ಅವರೂ ಗಂಡನನ್ನು ಕಳೆದುಕೊಂಡವರೇ, ಮೆಲ್ಲಗೆ ಬಾಗಿ ಕಾಲಿಗೆ ಕೈ ಹಾಕಿದರು. ಬಲಗಾಲಿನದ್ದು ಬಂತು. ಎಡಗಾಲನ್ನು ಹಿಡಿದರು.

ಪಟ್. "ಎಲ್ಲಾರೂ ಎದ್ದು ಆಚೆಗ್ ಓಗಿ."

ಕೊನೆಯಲ್ಲಿ ಆ ನಗುವಿನ ತುಂಡು. ಅಳುತ್ತಿದ್ದವರೆಲ್ಲ ಒಮ್ಮೆಗೇ ನಿಲ್ಲಿಸಿದರು.

"ಪಾವಂ, ಮೆಷಿನ್ನು ತಾನಾಗೇ ಮಾತಾಡ್ತೈತೆ" ಎಂದರು ಯಾರೋ ಮರುಗುತ್ತ. "ಮುಂಚೇನೂ ಅಂಗೇ ತಾನೆ ಮಾಡ್ತಿತ್ತು."

ಮುದುಕಿ ನನ್ನ ಕಡೆ ತಿರುಗಿದರು. "ಮಾಡಿದ್ದು ನೀನಲ್ವಾ ತಾಯಿ. ಕೆಟ್ಟೈತಾ?"

"ಕೆಟ್ಟಿಲ್ಲ ಅಕ್ಕ" ಎಂದೆ. "ಅವಳೇ ಹೇಳ್ತಾ ಇರೋದು. ಆ ಒಂದು ಉಂಗುರ ಬಿಟ್ಟುಬಿಡಿ. ಅದು ಹೋದರೆ ಅವಳಿಗೆ ಮಾತಿಲ್ಲ."

ಅವರಿಗೆ ಅರ್ಥವಾಯಿತು. ಅರ್ಥವಾಗದವರಂತೆ ಅವರು ನಡೆದುಕೊಳ್ಳಲಿಲ್ಲ, ಅದನ್ನು ನಾನು ಇಲ್ಲಿ ಬರೆಯಲೇಬೇಕು. ಕಾಲನ್ನು ಹಿಡಿದ ಕೈ ಬಿಡದೆ, "ನಂದೂ ಓಯ್ತು, ನಿಂದೂ ಓಯ್ತು" ಎಂದರು. "ಯಾರ್ ತಾನೇ ಸರಿ ಅಂತ ಒಪ್ಕೊಂಡು ಕೊಟ್ಟಿದ್ದು, ಏಳಮ್ಮ. ಅವನ ಎಸ್ರು ಇನ್ನ ಅವ್ಳ ಕಾಲಲ್ಲಿ ಯಾಕೆ."

"ಇವತ್ತೊಂದು ದಿನ ಬೇಡ ಅಕ್ಕ. ನಾನು ಬೇರೆ ಏನಾದರೂ ಮಾಡಿ ತರ್ತೀನಿ, ಆಮೇಲೆ ತೆಗೀರಿ."

"ಆಮ್ಯಾಕೆ ಅನ್ನೋದು ಇದ್ರಲ್ಲಿ ಇಲ್ಲ ತಾಯಿ."

ದೀಪ ಒಂದು ಸುತ್ತು ಮುಗಿಸಿ ಮತ್ತೆ ಬಾಗಿಲ ಚಿತ್ರಕ್ಕೆ ಬರುತ್ತಿತ್ತು. ನಾನು ನೋಡುತ್ತಿದ್ದೆ. ಅವಳೂ ನೋಡುತ್ತಿದ್ದಳು. ದೀಪ ಬಂತು, ಬೆರಳು ಮಡಿಯಿತು, ಪಟ್ ಎಂದಿತು. ಆ ಮಾಡ್ಯೂಲು ಒಮ್ಮೆ ಶುರು ಮಾಡಿದ ಫೈಲನ್ನು ಪೂರ್ತಿ ಹೇಳಿಯೇ ನಿಲ್ಲಿಸುವುದು. ಹಾಗಾಗಿ ಕಾಲುಂಗುರ ಮುದುಕಿಯ ಅಂಗೈಗೆ ಬಂದ ಮೇಲೂ ಅವಳ ದನಿ ಎಲ್ಲರನ್ನೂ ಆಚೆಗೆ ಹೋಗಲು ಹೇಳುತ್ತಿತ್ತು, ಕೊನೆಯ ನಗುವಿನ ತನಕ. ಅವರು ಉಂಗುರಕ್ಕೆ ಸುತ್ತಿದ್ದ ವೈರನ್ನು ಒಂದು ಎಳೆಯೂ ಹರಿಯದ ಹಾಗೆ ಬಿಡಿಸಿದರು. ನೂಲಿನ ಮನೆಯ ಕೈ. ಬಿಡಿಸಿ, ಸುರುಳಿ ಸುತ್ತಿ, "ಇದು ನಿಂದು" ಎಂದು ನನ್ನ ಕೈಗೆ ಕೊಟ್ಟರು.

ಸೇಲಂಗೆ ಬಂದು ತಾಮ್ರದ ತಗಡಿನಲ್ಲಿ ಒಂದು ಪಟ್ಟಿ ಕತ್ತರಿಸಿದೆ. ಅಂಚು ಕೊಯ್ಯದಂತೆ ಉಜ್ಜಿ, ಒಳಗೆ ಮೆತ್ತನೆಯ ಟೇಪು ಅಂಟಿಸಿ, ಉಂಗುರದಂತೆ ಬಗ್ಗಿಸಿ ವೈರು ಸೋಲ್ಡರ್ ಮಾಡಿದೆ. ನನ್ನ ಕಾಲಿಗೆ ಹಾಕಿ ನೋಡಿದೆ. ಪರ್ಫೆಕ್ಟ್. ಎಷ್ಟು ಸಲ ಬೆರಳು ಮಡಿಸಿದರೂ ಒಂದೂ ತಪ್ಪಲಿಲ್ಲ. ಬೆಳ್ಳಿಯದ್ದಕ್ಕಿಂತ ಚೆನ್ನಾಗಿತ್ತು. ಕನ್ನಡಕದ ಚಿತ್ರವನ್ನು ತೆಗೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅವಳ ಮಾತು, ಅವಳನ್ನು ಕೇಳದೆ ಅಳಿಸಲು ನಾನು ಯಾರು ಎಂದು ಹಾಗೇ ಬಿಟ್ಟೆ.

ನಾನು ಹೋದಾಗ ಮನೆಯಲ್ಲಿ ಸೊಸೆ ಒಬ್ಬಳೇ. "ಹಾಕಬಹುದಾ" ಎಂದು ಕೇಳಿದೆ. "ಇದು ಮೆಟ್ಟಿ ಅಲ್ಲ, ಅತ್ತೆ. ವೈರು" ಎಂದಳು ಅವಳು, ಬಾಗಿಲು ಮುಂದೆ ಮಾಡಿ ಬಂದು. ತಾನೇ ಕಾಲನ್ನು ಎತ್ತಿ ಹಿಡಿದಳು. ಕಾಲುಂಗುರ ಇದ್ದ ಕಡೆ ಚರ್ಮ ಬೆಳ್ಳಗೆ, ಒಂದು ಗೆರೆಯ ಹಾಗೆ ತಗ್ಗಾಗಿತ್ತು. ತಾಮ್ರ ಅದರೊಳಗೆ ಸರಿಯಾಗಿ ಕೂತಿತು. ದೀಪ ಹೊರಟಿತು.

ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು. ಓಟವನ್ನು ನಿಧಾನ ಮಾಡಿದೆ. ಬೆರಳು ಮಡಿಯಲಿಲ್ಲ. ತಾಮ್ರದ ತುಂಡನ್ನು ಇನ್ನೇನು ತಾಗೀತು ಎನ್ನುವಷ್ಟು ಹತ್ತಿರ ತಂದೆ. ಇಲ್ಲ. ಮಲ್ಟಿಮೀಟರ್ ತೆಗೆದು ಒಂದೊಂದೇ ವೈರು ನೋಡಿದೆ, ಎಲ್ಲ ಕಡೆ ಬೀಪ್. ನಾನೇ ಅವಳ ಬೆರಳನ್ನು ಹಿಡಿದು ಮಡಿಸಿದೆ. ಪಟ್, "ನೀರು." ಕುಡಿಸಿದೆವು. ಎರಡು ಗುಟುಕು ಹೋಯಿತು.

ಅಂದರೆ ಫಾಲ್ಟ್ ನನ್ನ ಕಡೆ ಇರಲಿಲ್ಲ. ಇನ್ನು ಉಳಿದದ್ದು ಎರಡೇ. ನಡುವಿನ ದಿನಗಳಲ್ಲಿ ಆ ಬೆರಳೂ ಹೋಗಿರಬೇಕು. ಇಲ್ಲ, ಬೆರಳು ಇದೆ, ಅವಳಿಗೆ ಬೇಡ.

"ಬೆರಳು ಆಡ್ತಾ ಇಲ್ವಾ?" ಎಂದು ಕೇಳಿದೆ. ಅವಳು ಕಣ್ಣು ಮುಚ್ಚಿದಳು. ಹೌದು. ಸರಿ ಎಂದುಕೊಂಡು, ಖಾತ್ರಿಗೆ, "ಮಾತು ಬೇಡ ಅಂತಾನಾ?" ಎಂದೂ ಕೇಳಿದೆ. ಮುಚ್ಚಿದ ಕಣ್ಣು ಹಾಗೇ ಇತ್ತು. ಎರಡಕ್ಕೂ ಹೌದೋ, ಮೊದಲನೆಯ ಹೌದೇ ಇನ್ನೂ ಮುಗಿದಿಲ್ಲವೋ, ಎರಡನೆಯದನ್ನು ಕೇಳಿಸಿಕೊಳ್ಳಲೇ ಇಲ್ಲವೋ. ಇನ್ನೊಮ್ಮೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಜೀವಮಾನವೆಲ್ಲ ಫಾಲ್ಟ್ ಹುಡುಕಿದವಳು. ಇದೊಂದನ್ನು ಕಂಡುಹಿಡಿಯಲಿಲ್ಲ.

"ಬಿಚ್ಚಿಕೊಂಡು ಹೋಗ್ಲಾ?" ಎಂದು ಸೊಸೆಯನ್ನು ಕೇಳಿದೆ.

"ಇರ್ಲಿ, ಅತ್ತೆ. ದೀಪ ಓಡ್ತಾ ಇರ್ಲಿ. ಅವ್ರಿಗೆ ನೋಡಕ್ಕಾದ್ರೂ ಆಗ್ತೈತೆ."

ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದೆ. ಬೀದಿಯಲ್ಲಿ ಕರೆಂಟು ಹೋಗಿ ಪವರ್‌ಲೂಮುಗಳೆಲ್ಲ ಒಟ್ಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ಒಂದು ಪಟ್ ಎಲ್ಲಿದ್ದರೂ ಕೇಳುತ್ತಿತ್ತು. ನಿಂತು ತಿರುಗಿ ನೋಡಿದೆ. ಬ್ಯಾಟರಿಯ ದೀಪ ಮಾತ್ರ ಓಡುತ್ತಿತ್ತು. ಅವಳು ಕಣ್ಣು ತೆರೆದಿದ್ದಳು. ದೀಪದ ಜೊತೆ ಕಣ್ಣೂ ಒಂದೊಂದೇ ಚಿತ್ರ ದಾಟುತ್ತ ಬಂತು. ಕನ್ನಡಕದ ಹತ್ತಿರ ಬಂದಾಗ ದೀಪ ನಿಲ್ಲಬೇಕಾದಷ್ಟು ಹೊತ್ತು ನಿಂತು ಮುಂದಿನದಕ್ಕೆ ಸರಿಯಿತು. ಅವಳ ಕಣ್ಣು ಸರಿಯಲಿಲ್ಲ. ನಾನು ಅವಳನ್ನು ನೋಡಿದ್ದು ಅದೇ ಕೊನೆ.